ನಿಮಗಿದು ಗೊತ್ತೆ?: ವೆಲ್ಡಿಂಗ್‌ಗೆಂದೇ ನೌಕೆಯಿಂದಾಚೆ!

ಬಾಹ್ಯಾಕಾಶದಲ್ಲಿ ನಡೆದಾಡಿದ ಮೊದಲ ಮಹಿಳೆ ನೌಕೆಯಿಂದ ಹೊರಗೆ ಕಾಲಿಟ್ಟಿದ್ದು ವೆಲ್ಡಿಂಗ್ ಮಾಡಲು!

1984ರ ಜುಲೈ 25. ಸೋವಿಯತ್ ಗಗನಯಾತ್ರಿ ಸ್ವೆತ್ಲಾನಾ ಸವಿತ್‌ಸ್ಕಾಯಾ ‘ಸಲ್ಯೂತ್-7’ ನಿಲ್ದಾಣದ ಹೊರಗೆ ಮೂರೂವರೆ ಗಂಟೆ ಕಳೆದರು. ಕೈಯಲ್ಲಿದ್ದದ್ದು ಎಲೆಕ್ಟ್ರಾನ್ ಕಿರಣದ ವೆಲ್ಡಿಂಗ್ ಗನ್. ಕೀವ್ ನಗರದ ಪಾಟನ್ ವೆಲ್ಡಿಂಗ್ ಸಂಸ್ಥೆ ಅದನ್ನು ತಯಾರಿಸಿತ್ತು. ಲೋಹದ ತುಂಡುಗಳನ್ನು ಅವರು ಕತ್ತರಿಸಿದರು, ಜೋಡಿಸಿದರು, ಮೇಲೆ ಲೇಪನವನ್ನೂ ಕೊಟ್ಟರು. ಆಮೇಲೆ ಗನ್ ಹಿಡಿಯುವ ಸರದಿ ಜೊತೆಗಾರ ವ್ಲಾದಿಮಿರ್ ಜಾನಿಬೆಕೋವ್ ಅವರದು.

ಗಾಳಿಯೇ ಇಲ್ಲದ ಕಡೆ ವೆಲ್ಡಿಂಗ್ ಹೇಗೆ? ಅಸಲಿಗೆ ವೆಲ್ಡರ್‌ಗಳ ಶತ್ರುವೇ ಗಾಳಿ. ಕಾದು ಕರಗಿದ ಲೋಹಕ್ಕೆ ಆಮ್ಲಜನಕ, ಸಾರಜನಕ ಸೇರಿದರೆ ಜೋಡಣೆ ಕೆಡುತ್ತದೆ. ನಮ್ಮ ಗ್ರಿಲ್ ಅಂಗಡಿಯ ವೆಲ್ಡಿಂಗ್ ರಾಡ್‌ಗೆ ಮೆತ್ತಿರುವ ಬೂದು ಲೇಪನ ಇದಕ್ಕೇ ಇರುವುದು. ಅದು ಉರಿದು ಅನಿಲದ ಪರದೆ ಕಟ್ಟುತ್ತದೆ, ಗಾಳಿಯನ್ನು ದೂರವಿಡುತ್ತದೆ. ಎಲೆಕ್ಟ್ರಾನ್ ಕಿರಣಕ್ಕಂತೂ ಸಾಮಾನ್ಯವಾಗಿ ನಿರ್ವಾತವೇ ಬೇಕು. ಭೂಮಿಯ ಮೇಲೆ ಅದಕ್ಕಾಗಿ ಕೋಣೆಯಿಂದ ಗಾಳಿ ಹೀರಿ ತೆಗೆಯಬೇಕು. ಬಾಹ್ಯಾಕಾಶದಲ್ಲಿ ನಿರ್ವಾತ ಪುಕ್ಕಟೆ!

ಕಷ್ಟವಿದ್ದದ್ದು ಬೇರೆ ಕಡೆ. ದಪ್ಪ ಕೈಗವಸಿನಲ್ಲಿ ಬೆರಳು ಬಗ್ಗಿಸುವುದೇ ಸಾಹಸ. ಕಿರಣ ಗುರಿ ತಪ್ಪಿ ಅಂತರಿಕ್ಷ ಉಡುಪಿಗೆ ತೂತು ಬಿದ್ದರೆ ಪ್ರಾಣಕ್ಕೇ ಸಂಚಕಾರ.

ಅಂದಹಾಗೆ, ಅಂತರಿಕ್ಷದ ಮೊದಲ ವೆಲ್ಡಿಂಗ್ ನಡೆದದ್ದು 1969ರಲ್ಲಿ, ‘ಸೋಯುಜ್-6’ ನೌಕೆಯಲ್ಲಿ. ಆದರೆ ಆಗ ಕೆಲಸ ಮಾಡಿದ್ದು ಸ್ವಯಂಚಾಲಿತ ಯಂತ್ರ. ಗಗನಯಾತ್ರಿ ವಲೆರಿ ಕುಬಾಸೊವ್ ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ನಡೆಸಿದ್ದರು.