ನೀರಾವರಿ ಪ್ರದೇಶದ ರೈತರ ದಿನಚರಿ ಮತ್ತು ಆರೋಗ್ಯ

ಕಾಗವಾಡ, ಅಥಣಿ ಭಾಗದ ಎರಿಭೂಮಿಯಲ್ಲಿ ಕಬ್ಬು ಬೆಳೆಯುವ ರೈತರಿಗೆ ಸವಳು-ಜವಳಿನ ಪರಿಚಯ ಚೆನ್ನಾಗಿಯೇ ಇದೆ. ನೀರು ಹೆಚ್ಚಾದ ಹೊಲ ಒಂದೇ ವರ್ಷದಲ್ಲಿ ಕೆಡುವುದಿಲ್ಲ. ನಾಲ್ಕಾರು ವರ್ಷ ಬೆಳೆ ಬರುತ್ತಲೇ ಇರುತ್ತದೆ. ಬಿಳಿ ಉಪ್ಪು ಮೇಲೆ ಕಾಣುವ ಹೊತ್ತಿಗೆ ಒಳಗಿನ ನೆಲ ಕೆಟ್ಟಿರುತ್ತದೆ. ರಕ್ತದೊತ್ತಡ (ಬಿ.ಪಿ.) ಮತ್ತು ಸಕ್ಕರೆ ಕಾಯಿಲೆ ದೇಹವನ್ನು ಕೆಡಿಸುವ ರೀತಿಯೂ ಇದೇ ಆಗಿದೆ. ಅನೇಕರಿಗೆ ನೋವಿಲ್ಲ, ಜ್ವರವಿಲ್ಲ. ಒಂದು ದಿನ ಲಕ್ವಾ ಹೊಡೆದಾಗಲೇ ಮನೆಯವರಿಗೆ ತಿಳಿಯುತ್ತದೆ. ಆಗ ಆಸ್ಪತ್ರೆಯ ಖರ್ಚಿಗೆ ಕಬ್ಬಿನ ಬಿಲ್ಲು ಸಾಲುವುದಿಲ್ಲ. ದುಡಿಯುವ ಕೈಯೂ ಹೋಗಿರುತ್ತದೆ.

ಇವು ಪೇಟೆಯವರ ರೋಗಗಳು, ಹೊಲದಲ್ಲಿ ದುಡಿಯುವವರಿಗೆ ಬರುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 11 ಜನರಿಗೆ ಸಕ್ಕರೆ ಕಾಯಿಲೆ, 35 ಜನರಿಗೆ ಅಧಿಕ ರಕ್ತದೊತ್ತಡ ಇದೆ. ಹಳ್ಳಿಗಳೂ ಇದರಿಂದ ಹೊರತಲ್ಲ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹಿಂದೆ ಕಪಿಲೆ ಹೊಡೆದು ನೀರೆತ್ತಿ, ದಿನವಿಡೀ ಎತ್ತಿನ ಹಿಂದೆ ಗಳೆ ಹೊಡೆದವರು ನಾಲ್ಕು ರೊಟ್ಟಿ ಉಂಡು ಅರಗಿಸಿಕೊಂಡರು. ಈಗ ಉಳುಮೆ ಟ್ರ್ಯಾಕ್ಟರಿನದು, ಕಟಾವು ಗ್ಯಾಂಗಿನದು, ಪಂಪು ಮೊಬೈಲಿನಿಂದಲೇ ಚಾಲೂ ಆಗುತ್ತದೆ, ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ಲಿನ ಮೇಲೆ. ದುಡಿಮೆ ಇಳಿದಿದೆ, ಊಟ ಇಳಿದಿಲ್ಲ. (ಹೆಣ್ಣುಮಕ್ಕಳ ದುಡಿಮೆ ಮಾತ್ರ ಅಷ್ಟು ಕಡಿಮೆಯಾಗಿಲ್ಲ.) ವಾರದಲ್ಲಿ ಐದು ದಿನವಾದರೂ ಅರ್ಧ ತಾಸು ಬಿರುಸಾಗಿ ನಡೆಯುವುದು ಅವಶ್ಯ. ಹೊಲ ಒಂದೆರಡು ಕಿಲೋಮೀಟರ್ ದೂರದಲ್ಲಿದ್ದರೆ ಗಾಡಿಯನ್ನು ಮನೆಯಲ್ಲೇ ಬಿಟ್ಟು ನಡೆದು ಹೋಗಬಹುದು.

ಊಟದ ವಿಷಯದಲ್ಲಿ ಈ ಸೀಮೆಯವರು ಹೊಸದೇನನ್ನೂ ಕಲಿಯಬೇಕಾಗಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬಿಳಿಜೋಳದ ರೊಟ್ಟಿ, ಕಾಳುಪಲ್ಲೆ, ಹಸಿ ಮೆಂತ್ಯ, ಹಕ್ಕರಕಿ ಇವುಗಳನ್ನು ಬಿಟ್ಟು ಎರಡೂ ಹೊತ್ತು ಅನ್ನಕ್ಕೆ ಬಿದ್ದರೆ ನಷ್ಟವೇ. ಕಬ್ಬಿನ ನಡುವೆ ಮನೆಯ ಮಟ್ಟಿಗಾದರೂ ಹತ್ತು ಗುಂಟೆ ಹಿಂಗಾರಿ ಜೋಳ ಹಾಕಿಕೊಳ್ಳುವುದು ಒಳ್ಳೆಯದು.

ಚಹಾದ ಲೆಕ್ಕ ನೋಡೋಣ. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಎಂದರೆ 60 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ಬಾಧೆಯಿಲ್ಲ ಎನ್ನುವವರುಂಟು. ಬೆಲ್ಲವೂ ಅದೇ ಕಬ್ಬಿನ ರಸವೇ ಆಗಿದ್ದು, ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಬೇಕು. ಇದನ್ನು ತೂಗಿ ನೋಡುವುದು ಯಾರಿಂದಲೂ ಆಗದು. ಸುಲಭದ ಲೆಕ್ಕವೆಂದರೆ, ಐದು ಜನ ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪಾಕೀಟು 40 ದಿನ ಬರಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ಎರಡರಷ್ಟು ತಿಂದಂತಾಯಿತು. ರಂಜಕ, ಉಪ್ಪಿನಕಾಯಿ, ಹಪ್ಪಳದಲ್ಲಿನ ಉಪ್ಪು ಇದರಲ್ಲೇ ಸೇರಿರುತ್ತದೆ.

ನಿಪ್ಪಾಣಿ, ಚಿಕ್ಕೋಡಿ ಕಡೆ ತಂಬಾಕಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಬೆಳೆಯುವವರ ಮನೆಯಲ್ಲಿ ಅದು ಕೈಗೆ ಸಿಗುವ ವಸ್ತು. ಬೀಡಿಯ ಅಪಾಯ ಎಲ್ಲರಿಗೂ ಗೊತ್ತು. ಆದರೆ ಸುಣ್ಣದೊಡನೆ ತಿಕ್ಕಿ ತುಟಿಯಲ್ಲಿಡುವ ತಂಬಾಕನ್ನು, ಹಲ್ಲಿಗೆ ಹಚ್ಚುವ ಮಿಶ್ರಿಯನ್ನು ಅನೇಕರು ಚಟವೆಂದೇ ಎಣಿಸುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ಹೊಗೆಯೇ ಬೇಕೆಂದಿಲ್ಲ. ಗರ್ಭಿಣಿಯರು ಮಿಶ್ರಿ ಬಳಸಿದರೆ ಕೂಸಿನ ತೂಕ ಕಡಿಮೆಯಾಗುತ್ತದೆ. ಇನ್ನೊಂದು ಅಂಶ: ಇಬ್ಬನಿಯಲ್ಲಿ ತೊಯ್ದ ಹಸಿ ಎಲೆಯನ್ನು ಮುಟ್ಟಿದಾಗ ನಿಕೋಟಿನ್ ಚರ್ಮದ ಮೂಲಕವೇ ಒಳಸೇರುತ್ತದೆ. ತಲೆಸುತ್ತು, ವಾಂತಿ, ಬೆವರು ಕಾಣಿಸಿದರೆ ಪಿತ್ತವೆಂದು ತಳ್ಳಿಹಾಕಬಾರದು. ಇಬ್ಬನಿ ಆರಿದ ಮೇಲೆಯೇ ಕೆಲಸಕ್ಕಿಳಿದು, ಕೈಗವಸು ಹಾಕಿಕೊಂಡು, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಬೇಕು; ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಚಟ ಬಿಡಲಿಚ್ಛಿಸುವವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಮಣ್ಣು ಪರೀಕ್ಷೆಗೆ ಮೂರು ವರ್ಷಕ್ಕೊಮ್ಮೆ ಮಾದರಿ ಕಳಿಸುವ ರೈತರು ಸ್ವಂತ ರಕ್ತದ ಪರೀಕ್ಷೆಯನ್ನು ಮರೆಯುತ್ತಾರೆ. 30 ವರ್ಷ ದಾಟಿದವರು ಊರಿನ ಉಪಕೇಂದ್ರದಲ್ಲಿ (ಆಯುಷ್ಮಾನ್ ಆರೋಗ್ಯ ಮಂದಿರ) ಬಿ.ಪಿ., ಸಕ್ಕರೆ ಮತ್ತು ಬಾಯಿಯ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಬಿ.ಪಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ತೋರಿಸಬೇಕು. ಮಾತ್ರೆ ಶುರುವಾಗಿ ಒತ್ತಡ ಇಳಿದ ಕೂಡಲೇ ಗುಣವಾಯಿತೆಂದು ಬಿಟ್ಟುಬಿಡುವವರು ಬಹಳ. ಇಳಿದಿರುವುದು ಮಾತ್ರೆಯ ಬಲದಿಂದ. ವೈದ್ಯಾಧಿಕಾರಿಗಳನ್ನು ಕೇಳದೆ ನಿಲ್ಲಿಸಬಾರದು.