ಚಳಿಗಾಲದ ಮಂಕು

ನಮ್ಮ ಸೀಮೆಯಲ್ಲಿ ಚಳಿಗಾಲವನ್ನು ಹಳಿಯುವವರು ಕಡಿಮೆ. ಅವರೆಕಾಯಿಯ ಸೊಗಡು, ಬೆಳಗಿನ ಎಳೆಬಿಸಿಲು, ಸಂಕ್ರಾಂತಿಯ ಎಳ್ಳುಬೆಲ್ಲ ಇವೆಲ್ಲವೂ ಸೇರಿ ಅದನ್ನು ವರ್ಷದಲ್ಲೆಲ್ಲ ಹಿತವಾದ ಕಾಲವನ್ನಾಗಿ ಮಾಡಿವೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷದ್ದು. ಅತಿ ದೀರ್ಘವಾದ ಹಗಲು ಅದಕ್ಕಿಂತ ಒಂದೂವರೆ ಗಂಟೆಯಷ್ಟು ಮಾತ್ರ ಹೆಚ್ಚು. ಈ ಅಂತರವನ್ನು ಪಂಚಾಂಗ ನೋಡುವವರು ಬಲ್ಲರೇ ಹೊರತು ಉಳಿದವರ ಗಮನಕ್ಕೆ ಅದು ಬರುವುದೇ ಇಲ್ಲ.

ಭೂಮಿಯ ಉತ್ತರ ಭಾಗದ ಸ್ಥಿತಿ ಬೇರೆ. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಜೂನ್ ತಿಂಗಳ ಹಗಲು ಹದಿನೆಂಟೂವರೆ ಗಂಟೆಯಷ್ಟು ದೀರ್ಘವಾದರೆ ಡಿಸೆಂಬರಿನ ಹಗಲು ಸುಮಾರು ಆರು ಗಂಟೆಗೆ ಇಳಿಯುತ್ತದೆ. ಆ ಆರು ಗಂಟೆಗಳಲ್ಲಿಯೂ ಸೂರ್ಯನು ದಿಗಂತಕ್ಕೆ ಅಂಟಿಕೊಂಡಂತೆ ಸರಿದುಹೋಗುತ್ತಾನೆ. ಎಷ್ಟೋ ದಿನ ಮೋಡದ ಹಿಂದೆಯೇ ಉಳಿಯುತ್ತಾನೆ. ಈಗ ಇಂತಹ ಊರುಗಳಲ್ಲಿಯೂ ಕನ್ನಡಿಗರ ಮನೆಗಳಿವೆ. ಇಲ್ಲಿಂದ ಓದಲಿಕ್ಕೋ ಕೆಲಸಕ್ಕೋ ಹೋದ ತರುಣನು ಮೊದಲ ಹಿಮವನ್ನು ಕಂಡು ಹಿಗ್ಗುತ್ತಾನೆ, ಚಿತ್ರ ತೆಗೆದು ಮನೆಗೆ ಕಳುಹಿಸುತ್ತಾನೆ. ಹಾಗಿದ್ದವನು ಕೆಲವೇ ವಾರಗಳಲ್ಲಿ ಬೆಳಗ್ಗೆ ಏಳಲಾರದವನಾಗುತ್ತಾನೆ. ಹತ್ತು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ. ಅನ್ನ, ಬ್ರೆಡ್ಡು, ಸಿಹಿ ತಿಂಡಿಗಳ ಆಸೆ ಹೆಚ್ಚುತ್ತದೆ. ಕೈಕಾಲು ಭಾರ, ಕೈಗೆತ್ತಿಕೊಂಡ ಕೆಲಸ ಮುಂದೆ ಸಾಗದು, ಗೆಳೆಯರ ಮನೆಗೆ ಹೋಗಲೂ ಬೇಸರ. ಊರಿಗೆ ಮಾತನಾಡಿದಾಗ ಹಿರಿಯರು, “ಮನಸ್ಸು ಗಟ್ಟಿಮಾಡಿಕೊ, ಸೋಮಾರಿತನ ಬಿಡು” ಎನ್ನುತ್ತಾರೆ. ಅವನೂ ತನ್ನನ್ನು ಹಾಗೆಯೇ ಹಳಿದುಕೊಳ್ಳುತ್ತಾನೆ. ಹಿರಿಯರ ಮಾತು ಪ್ರೀತಿಯಿಂದ ಬಂದುದೇ ಆದರೂ ಅದರಲ್ಲಿ ತಪ್ಪಿದೆ. ಆ ತಪ್ಪು ಎಲ್ಲಿದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬೆಳಕಿಲ್ಲದ ಕಾಲದ ಈ ಕುಗ್ಗನ್ನು ಹತ್ತಿರದಿಂದ ಕಂಡು ಬರೆದಿಟ್ಟವರಲ್ಲಿ ಫ್ರೆಡರಿಕ್ ಕುಕ್ ಎಂಬ ಅಮೆರಿಕದ ವೈದ್ಯನು ಮುಖ್ಯನಾದವನು. 1897ರಲ್ಲಿ ಬೆಲ್ಜಿಯಮ್ ದೇಶದಿಂದ ದಕ್ಷಿಣ ಧ್ರುವ ಪ್ರದೇಶಕ್ಕೆ ಹೊರಟ ‘ಬೆಲ್ಜಿಕ’ ಹಡಗಿಗೆ ಅವನೇ ವೈದ್ಯ. 1898ರ ಮಾರ್ಚಿನ ವೇಳೆಗೆ ಹಡಗು ಮಂಜುಗಡ್ಡೆಯ ನಡುವೆ ಸಿಕ್ಕಿಬಿದ್ದಿತು. ಮೇ ತಿಂಗಳ ನಡುವಿನಲ್ಲಿ ಸೂರ್ಯನು ಮುಳುಗಿದವನು ಜುಲೈ ಕೊನೆಯ ಭಾಗದವರೆಗೆ ಮೇಲೇಳಲಿಲ್ಲ. ಅಂಟಾರ್ಕ್‌ಟಿಕದ ಚಳಿಗಾಲದ ರಾತ್ರಿಯನ್ನು ಮನುಷ್ಯರು ಹಡಗಿನಲ್ಲಿ ಕಳೆದುದು ಅದೇ ಮೊದಲು. ಜನ ಮಂಕಾದರು. ಮಾತು ಕಡಿಮೆಯಾಯಿತು, ನಾಡಿ ಏರುಪೇರಾಯಿತು, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಾಯಿತು. ಮೊದಲೇ ಹೃದ್ರೋಗವಿದ್ದ ಡಾಂಕೊ ಎಂಬ ವಿಜ್ಞಾನಿ ಜೂನ್ ತಿಂಗಳಲ್ಲಿ ತೀರಿಕೊಂಡನು. ಕೆಲವರಿಗೆ ಬುದ್ಧಿಭ್ರಮಣೆಯೇ ಆಯಿತು.

ಕುಕ್ ಇದನ್ನು ಬೆಳಕಿನ ಅಭಾವದಿಂದ ಬಂದ ವ್ಯಾಧಿಯೆಂದು ಬಗೆದನು. ಬಹಳ ಕುಗ್ಗಿದವರನ್ನು ಬಟ್ಟೆ ಕಳಚಿಸಿ ಉರಿಯುವ ಒಲೆಯ ಎದುರು ಕೂರಿಸಿದನು. ಡಬ್ಬಿಯ ಆಹಾರವನ್ನು ಬಿಡಿಸಿ ಸೀಲ್ ಮತ್ತು ಪೆಂಗ್ವಿನ್‌ಗಳ ಹಸಿ ಮಾಂಸವನ್ನು ತಿನ್ನಿಸಿದನು. ಹಡಗಿನ ಸುತ್ತ ಮಂಜಿನ ಮೇಲೆ ಎಲ್ಲರೂ ನಡೆಯಬೇಕೆಂದು ಕಟ್ಟು ಮಾಡಿದನು. ನಾವಿಕರು ಆ ಸುತ್ತಾಟಕ್ಕೆ ‘ಹುಚ್ಚಾಸ್ಪತ್ರೆಯ ಅಡ್ಡಾಟ’ ಎಂದು ಹೆಸರಿಟ್ಟರಂತೆ, ಆದರೂ ನಡೆದರು. ಮುಂದಿನ ಬೇಸಗೆಯಲ್ಲಿ, ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಹಡಗಿಗೆ ಕಾಲುವೆ ತೆಗೆಯೋಣವೆಂಬ ಹುಚ್ಚು ಯೋಜನೆಯನ್ನು ಮುಂದಿಟ್ಟವನೂ ಅವನೇ. ವಾರಗಟ್ಟಲೆ ಎಲ್ಲರೂ ಕೊಯ್ದರು. 1899ರ ಮಾರ್ಚಿನಲ್ಲಿ ಹಡಗು ಬಿಡುಗಡೆ ಹೊಂದಿತು. ಮುಂದೆ ಉತ್ತರ ಧ್ರುವವನ್ನು ಮುಟ್ಟಿದೆನೆಂದು ಸಾರಿ ಅಪಕೀರ್ತಿಗೆ ಗುರಿಯಾದ ಕುಕ್ ಈತನೇ. ಆದರೆ ಬೆಲ್ಜಿಕದಲ್ಲಿ ಅವನ ಜೊತೆಗಿದ್ದ ಅಮುಂಡ್‌ಸನ್, 1911ರಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದಾತನು, ಕೊನೆಯವರೆಗೂ ಅವನನ್ನು ಗೌರವದಿಂದ ನೆನೆದನು.

ಒಲೆಯ ಉರಿ ಎಷ್ಟು ಬೆಳಕು ಕೊಟ್ಟೀತು? ಇಂದಿನ ಲೆಕ್ಕದಲ್ಲಿ ಅದು ತೀರ ಅಲ್ಪ. ಆ ಜನರಲ್ಲಿ ಸ್ಕರ್ವಿ ರೋಗವೂ ಇದ್ದಿತು. ಅದಕ್ಕೆ ಮದ್ದಾದುದು ಹಸಿ ಮಾಂಸದಲ್ಲಿದ್ದ ಸಿ ಜೀವಸತ್ವ. ಹಾಗಾಗಿ ಕುಕ್‌ನ ಚಿಕಿತ್ಸೆಯಲ್ಲಿ ಯಾವ ಭಾಗ ಯಾರನ್ನು ಉಳಿಸಿತೆಂದು ಬಿಡಿಸಿ ಹೇಳುವಂತಿಲ್ಲ. ಆದರೂ ಅವನು ಹಿಡಿದ ಎರಡು ದಾರಿಗಳು, ಬೆಳಕು ಒಂದು, ಮನಸ್ಸಿಲ್ಲದಿದ್ದರೂ ಮಾಡುವ ಕೆಲಸ ಇನ್ನೊಂದು, ಇವು ಸರಿಯಾದ ದಿಕ್ಕಿನವೇ ಎಂಬುದು ಹೆಚ್ಚುಕಡಿಮೆ ನೂರು ವರ್ಷದ ಅನಂತರ ತಿಳಿದುಬಂದಿತು.

ಮೊದಲು ಬೆಳಕಿನ ಮಾತು. ಕಣ್ಣಿರುವುದು ನೋಡುವುದಕ್ಕೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಕಣ್ಣಿಗೆ ಇನ್ನೊಂದು ಉದ್ಯೋಗವೂ ಉಂಟು. 1998ರಲ್ಲಿ ಕಪ್ಪೆಯ ಚರ್ಮದ ಕೋಶಗಳಲ್ಲಿ ಬೆಳಕಿಗೆ ಸ್ಪಂದಿಸುವ ಮೆಲನಾಪ್ಸಿನ್ ಎಂಬ ವಸ್ತುವು ದೊರೆಯಿತು. ಮುಂದೆ ಅದೇ ವಸ್ತು ಸಸ್ತನಿಗಳ ಅಕ್ಷಿಪಟಲದ ಕೆಲವು ನರಕೋಶಗಳಲ್ಲಿಯೂ ಕಂಡಿತು. 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಇಂತಹ ಕೋಶಗಳು ತಾವೇ ಬೆಳಕನ್ನು ಗ್ರಹಿಸುತ್ತವೆಂದು ಇಲಿಗಳಲ್ಲಿ ತೋರಿಸಿಕೊಟ್ಟರು. ಇವುಗಳ ಮುಖ್ಯ ಕೆಲಸ ಆಕೃತಿಗಳನ್ನು ಕಾಣಿಸುವುದಲ್ಲ. ಎಷ್ಟು ಬೆಳಕಿದೆ ಎಂಬ ವರದಿಯನ್ನು ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಭಾಗಕ್ಕೆ ಒಪ್ಪಿಸುವುದು. ಅಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ನರಕೋಶದ ಗುಂಪುಗಳಿವೆ. ನಿದ್ರೆ, ಎಚ್ಚರ, ಮೈಕಾವು, ಹಸಿವು ಇವುಗಳ ಹೊತ್ತನ್ನು ಹೊಂದಿಸುವ ಗಡಿಯಾರವೆಂದರೆ ಇವೇ.

ಈ ಗಡಿಯಾರಕ್ಕೆ ಒಂದು ದೋಷವಿದೆ. ಬಹುಮಂದಿಯಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ಕೆಲವು ನಿಮಿಷ ಹೆಚ್ಚಿನದು. ದಿನವೂ ಬೆಳಗಿನ ಬೆಳಕು ಅದನ್ನು ತಿದ್ದಿ ಮುಂದಕ್ಕೆ ತಳ್ಳಬೇಕು. ಬೆಳಗ್ಗೆ ಎಂಟೂವರೆಯಾದರೂ ಕತ್ತಲಿರುವ ಊರಿನಲ್ಲಿ ತಿದ್ದುವವರಾರು? ಗಡಿಯಾರ ಹಿಂದೆ ಬೀಳುತ್ತದೆ. ಕೆಲಸಕ್ಕೆ ಹೊರಡಲು ಅಲಾರಾಂ ಕೂಗುವಾಗ ಒಳಗಿನ ಗಡಿಯಾರದಲ್ಲಿ ಇನ್ನೂ ನಡುರಾತ್ರಿಯ ಛಾಯೆ. ರಾತ್ರಿಯ ವೇಳೆ ಪೀನಿಯಲ್ ಗ್ರಂಥಿಯಿಂದ ಸ್ರವಿಸುವ ಮೆಲಟೋನಿನ್ ಇನ್ನೂ ರಕ್ತದಲ್ಲಿರುತ್ತದೆ. ಚಳಿಗಾಲದ ಕುಗ್ಗಿಗೆ ಇದೇ ಮುಖ್ಯ ಕಾರಣವೆಂದು ಕೆಲವರ ವಾದ. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಏರಿಳಿತವನ್ನು ಮುಂದಿಡುವವರೂ ಉಂಟು. ಈ ವಿಚಾರದಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಹೇಗೇ ಇರಲಿ, ಏಳಲಾರದೆ ಮಲಗಿರುವವನನ್ನು ಸೋಮಾರಿಯೆನ್ನುವುದು ನಡುರಾತ್ರಿಯಲ್ಲಿ ನಿದ್ರಿಸುವವನನ್ನು ಬೈದಂತೆ.

ದೀಪದ ಬೆಳಕು ಸಾಲದೇ ಎಂದು ವಾಚಕರು ಕೇಳಬಹುದು. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಚ್ಚಿದ ನಮ್ಮ ಕೊಠಡಿ ಇನ್ನೂರು ಮುನ್ನೂರು ಲಕ್ಸ್ ಮಾತ್ರ. ಕಣ್ಣು ಒಗ್ಗಿಕೊಳ್ಳುವುದರಿಂದ ಈ ಅಗಾಧ ಅಂತರ ನಮಗೆ ತೋರುವುದಿಲ್ಲ, ಒಳಗಿನ ಗಡಿಯಾರಕ್ಕೆ ತೋರುತ್ತದೆ. 1980ರಲ್ಲಿ ಅಮೆರಿಕದ ಆಲ್‌ಫ್ರೆಡ್ ಲೂಯಿ ಮತ್ತು ಸಂಗಡಿಗರು 2,500 ಲಕ್ಸ್ ಬೆಳಕಿನಿಂದ ಮನುಷ್ಯರ ಮೆಲಟೋನಿನ್ ಸ್ರಾವ ತಗ್ಗುವುದೆಂದೂ ಸಾಧಾರಣ ದೀಪದಿಂದ ಅಷ್ಟಾಗಿ ತಗ್ಗದೆಂದೂ ತೋರಿಸಿದರು. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಅವರ ತಂಡ 29 ಮಂದಿ ರೋಗಿಗಳನ್ನು ವರ್ಣಿಸಿ ಈ ಋತುಮಾನದ ವಿಷಣ್ಣತೆಗೆ ಹೆಸರಿಟ್ಟರು. ಪ್ರಖರವಾದ ಬೆಳಕಿನಿಂದ ಅದು ಇಳಿಯುತ್ತದೆಂಬುದನ್ನೂ ವರದಿ ಮಾಡಿದರು. ರೋಸೆಂತಾಲ್ ಬಿಸಿಲಿನ ನಾಡಾದ ದಕ್ಷಿಣ ಆಫ್ರಿಕದಿಂದ ನ್ಯೂಯಾರ್ಕಿಗೆ ಹೋದವರು. ಚಳಿಗಾಲದಲ್ಲಿ ತಮ್ಮದೇ ಉತ್ಸಾಹ ಉಡುಗುವುದನ್ನು ಅವರು ಮೊದಲು ತಮ್ಮಲ್ಲಿ ಕಂಡುಕೊಂಡಿದ್ದರು.

ಈಗ ವಾಡಿಕೆಯಲ್ಲಿರುವ ಕ್ರಮವೆಂದರೆ 10,000 ಲಕ್ಸ್ ಕೊಡುವ ದೀಪದ ಪೆಟ್ಟಿಗೆಯ ಎದುರು ಬೆಳಗ್ಗೆ ಎದ್ದ ಕೂಡಲೆ ಸುಮಾರು ಅರ್ಧ ಗಂಟೆ ಕೂರುವುದು. ದೀಪವನ್ನು ದಿಟ್ಟಿಸಬೇಕಾಗಿಲ್ಲ, ಕಾಫಿ ಕುಡಿಯುತ್ತಲೋ ಓದುತ್ತಲೋ ಇರಬಹುದು. ರಾತ್ರಿ ಕೂತರೆ ಗಡಿಯಾರ ಇನ್ನೂ ಹಿಂದೆ ಬಿದ್ದೀತು. ಅಕ್ಷಿಪಟಲದ ರೋಗವಿರುವವರು, ಕುಗ್ಗು ಮತ್ತು ಅತಿ ಉದ್ರೇಕಗಳು ಒಂದಾದ ಮೇಲೊಂದು ಬರುವ ಮನೋರೋಗವುಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ದೀಪ ಕೊಳ್ಳಲಾರದವರು ನಡುಹಗಲಿನಲ್ಲಿ ಹೊರಗೆ ನಡೆಯಲಿ. ಮೋಡ ಮುಚ್ಚಿದ್ದರೂ ಹೊರಗಿನ ಬೆಳಕು ಕೊಠಡಿಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಡಿ ಜೀವಸತ್ವದ ಮಾತ್ರೆಗಳ ಮೇಲೆ ಅನೇಕರಿಗೆ ಭರವಸೆಯಿದೆ. ಎಲುಬಿಗೆ ಅದು ಬೇಕಾದುದೇ ಸರಿ. ಆದರೆ ಐವತ್ತು ದಾಟಿದ 18,000ಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ವಿಷಣ್ಣತೆ ತಡೆಯಲ್ಪಡಲಿಲ್ಲ.

ಇನ್ನು ಕೆಲಸದ ಮಾತು. ನಮ್ಮ ಮಟ್ಟಿಗೆ ಇದೇ ಹೆಚ್ಚು ಬೆಲೆಯುಳ್ಳದ್ದು. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯುವುದು ಎಲ್ಲರ ಸ್ವಭಾವ. ಕುಗ್ಗಿದ ಮನಸ್ಸಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ: ಹೊರಗೆ ಹೋಗದೆ ಇದ್ದುದರಿಂದ ಸಂತೋಷದ ಸಂದರ್ಭಗಳು ತಪ್ಪುತ್ತವೆ, ಅವು ತಪ್ಪಿದುದರಿಂದ ಮನಸ್ಸು ಇನ್ನೂ ಕುಗ್ಗುತ್ತದೆ, ಕುಗ್ಗಿದುದರಿಂದ ಬಾಗಿಲು ಇನ್ನೂ ಭದ್ರವಾಗುತ್ತದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದಲ್ಲಿ ಕೆಲ್ಲಿ ರೋಹನ್ ಅವರು 177 ಮಂದಿಯನ್ನು ಎರಡು ಪಂಗಡ ಮಾಡಿ ಒಂದಕ್ಕೆ ದೀಪವನ್ನೂ ಇನ್ನೊಂದಕ್ಕೆ ಮಾತಿನ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ಎರಡನೆಯ ಪಂಗಡಕ್ಕೆ ಕಲಿಸಿದುದು ಇಷ್ಟೇ: ಹಿತವಾದ ಕೆಲಸಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಮನಸ್ಸು ಒಪ್ಪಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಮಾಡುವುದು, ‘ಈ ಚಳಿಗಾಲ ಮುಗಿಯುವವರೆಗೆ ನನ್ನಿಂದ ಏನೂ ಆಗದು’ ಎಂಬಂತಹ ಯೋಚನೆಗಳನ್ನು ಹಿಡಿದು ವಿಚಾರಿಸುವುದು. ಆರು ವಾರಗಳಲ್ಲಿ ಎರಡು ಪಂಗಡಗಳೂ ಒಂದೇ ಸಮನಾಗಿ ಸುಧಾರಿಸಿದುವು. ಆದರೆ ಎರಡು ಚಳಿಗಾಲ ಕಳೆದ ಮೇಲೆ ಎಣಿಸಿದಾಗ ವ್ಯಾಧಿ ಮರುಕಳಿಸಿದುದು ದೀಪದವರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ, ಅಭ್ಯಾಸ ಕಲಿತವರಲ್ಲಿ ಸುಮಾರು 27 ಮಂದಿಗೆ. ದೀಪವು ಹಚ್ಚಿದಷ್ಟು ಕಾಲ ಉಪಕರಿಸುತ್ತದೆ. ಅಭ್ಯಾಸ ಮನುಷ್ಯನ ಜೊತೆಯಲ್ಲಿಯೇ ಮುಂದಿನ ವರ್ಷಕ್ಕೆ ಹೋಗುತ್ತದೆ.

ಈ ಅಭ್ಯಾಸದಲ್ಲಿ ಕೆಲಸ ಚಿಕ್ಕದಾಗಿರಬೇಕು. ‘ನಾಳೆಯಿಂದ ದಿನವೂ ಒಂದು ಗಂಟೆ ವ್ಯಾಯಾಮ’ ಎಂಬ ಸಂಕಲ್ಪ ಮೂರನೆಯ ದಿನ ಮುರಿದು ಹಳಹಳಿಗೆ ಕಾರಣವಾಗುತ್ತದೆ. ‘ಹನ್ನೆರಡು ಗಂಟೆಗೆ ಬೂಟು ತೊಟ್ಟು ಬೀದಿಯ ಕೊನೆಯವರೆಗೆ’ ಎಂಬುದು ನಡೆಯುತ್ತದೆ. ಇನ್ನೊಬ್ಬರ ಜೊತೆ ಒಪ್ಪಂದವಾದರೆ ಇನ್ನೂ ಮೇಲು. ಬಾಗಿಲಲ್ಲಿ ಗೆಳೆಯ ಕಾಯುತ್ತಿರುವಾಗ ಹಾಸಿಗೆ ಹಿಡಿಯುವುದು ಕಷ್ಟ. ಅಂಟಾರ್ಕ್‌ಟಿಕದಲ್ಲಿ ಚಳಿಗಾಲ ಕಳೆಯುವ ತಂಡಗಳು ಜೂನ್ 21ರ ಸುಮಾರಿಗೆ ನಡುಚಳಿಗಾಲದ ಹಬ್ಬ ಮಾಡಿ ಔತಣ ನಡೆಸುತ್ತವೆ. ನಮ್ಮ ದೇಶದ ‘ಮೈತ್ರಿ’ ನೆಲೆಯವರೂ ಸುಮಾರು ಎರಡು ತಿಂಗಳು ಸೂರ್ಯನನ್ನು ಕಾಣದೆ ಇರುವವರೇ. ಕತ್ತಲ ನಡುವೆ ಎದುರುನೋಡುವುದಕ್ಕೆ ಒಂದು ದಿನವನ್ನು ನೆಟ್ಟುಕೊಳ್ಳುವುದು ಜಾಣತನ.

ಉತ್ತರದಲ್ಲಿ ವಾಸಿಸುವವರೆಲ್ಲರೂ ಹೀಗೆ ಕುಗ್ಗುವರೆಂದು ತಿಳಿಯಬಾರದು. ನಾರ್ವೆಯ ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯೋದಯವೇ ಇಲ್ಲ. ಅಲ್ಲಿನ ಜನರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಳಿಗಾಲಕ್ಕೆ ನಿದ್ರೆಯ ತೊಂದರೆ ಹೆಚ್ಚಿದ್ದುದು ಕಂಡಿತೇ ಹೊರತು ಮನೋವ್ಯಥೆ ಅಷ್ಟಾಗಿ ಹೆಚ್ಚಿರಲಿಲ್ಲ. ಚಳಿಗಾಲವನ್ನು ಸವಿಯಬೇಕಾದ ಕಾಲವೆಂದು ನೋಡುವವರು ಹೆಚ್ಚು ನೆಮ್ಮದಿಯಿಂದಿರುವರೆಂದು ಅಲ್ಲಿಯೇ ನಡೆದ ಇನ್ನೊಂದು ಅಧ್ಯಯನ ಹೇಳುತ್ತದೆ. ನೆಮ್ಮದಿಯಿಂದ ಆ ನೋಟವೋ, ನೋಟದಿಂದ ನೆಮ್ಮದಿಯೋ ಎಂಬುದು ಬೇರೆ ಪ್ರಶ್ನೆ. ಅದೇ ದೇಶದ ರ‍್ಯೂಕನ್ ಎಂಬ ಊರು ಆಳವಾದ ಕಣಿವೆಯಲ್ಲಿದ್ದು, ವರ್ಷದಲ್ಲಿ ಸುಮಾರು ಆರು ತಿಂಗಳು ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ಜನರು ಬೆಟ್ಟದ ಮೇಲೇರಿ ಬಿಸಿಲು ಕಾಯಿಸಲೆಂದು 1928ರಲ್ಲಿ ತೂಗುತೊಟ್ಟಿಲ ದಾರಿಯೊಂದನ್ನು ಕಟ್ಟಿದರು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಬಿಸಿಲನ್ನು ಊರ ಚೌಕಕ್ಕೆ ಇಳಿಸಿದರು. ಆ ಬೆಳಕಿನ ತುಂಡಿನಲ್ಲಿ ನಿಲ್ಲಲು ಜನ ಮನೆಬಿಟ್ಟು ಬರುತ್ತಾರೆ. ಕುಕ್‌ನ ಎರಡು ದಾರಿಗಳೂ ಅಲ್ಲಿ ಒಂದೇ ಚೌಕದಲ್ಲಿ ಕೂಡಿವೆ.

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ ನಿದ್ರೆ ಕೆಲಸಗಳು ಕೆಟ್ಟರೆ, ವೈದ್ಯರನ್ನು ಕಾಣಬೇಕು. ಮಾತಿನ ಚಿಕಿತ್ಸೆ, ಔಷಧಿ ಎರಡೂ ಇವೆ. ಬದುಕು ಸಾಕೆನ್ನುವ ಯೋಚನೆ ಸುಳಿದರೆ ಅಂದೇ, ಆ ಹೊತ್ತೇ ಯಾರಿಗಾದರೂ ಹೇಳಬೇಕು. ಊರಿನಿಂದ ಮಾತನಾಡುವ ಹಿರಿಯರು “ಮನಸ್ಸು ಗಟ್ಟಿಮಾಡಿಕೊ” ಎನ್ನುವುದಕ್ಕೆ ಬದಲಾಗಿ “ಇವತ್ತು ಹೊರಗೆ ಹೋಗಿದ್ದೆಯಾ?” ಎಂದು ಕೇಳಬಹುದು.

ಅಲ್ಲಿರುವವರು ಇನ್ನೊಂದು ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಡಿಸೆಂಬರ್ 21ರ ಸುಮಾರಿಗೆ ಹಗಲು ಬೆಳೆಯತೊಡಗುತ್ತದೆಂದು ಕೇಳಿ, ಮರುವಾರವೇ ಮನಸ್ಸು ಅರಳುವುದೆಂದು ಎಣಿಸಿ ನಿರಾಶರಾಗುವವರಿದ್ದಾರೆ. ಸ್ಟಾಕ್‌ಹೋಮಿನಲ್ಲಿ ಆ ಮೊದಲ ವಾರ ಹಗಲು ದಿನಕ್ಕೆ ಒಂದು ನಿಮಿಷದಷ್ಟೂ ಬೆಳೆಯುವುದಿಲ್ಲ; ಸೂರ್ಯೋದಯವಂತೂ ತಿಂಗಳ ಕೊನೆಯವರೆಗೆ ಇನ್ನೂ ತಡವಾಗುತ್ತಲೇ ಹೋಗುತ್ತದೆ. ಜನವರಿ ಮುಗಿಯುವ ಹೊತ್ತಿಗೆ ಹಗಲು ದಿನವೊಂದಕ್ಕೆ ಸುಮಾರು ಐದು ನಿಮಿಷದಂತೆ ಬೆಳೆಯುತ್ತಿರುತ್ತದೆ.