ಮೂರು ತಿಂಗಳಿಗೊಮ್ಮೆ ಟಪಾಲು

1962ರ ಜನವರಿಯಲ್ಲಿ ಅಡಿಸನ್-ವೆಸ್ಲಿ ಪ್ರಕಾಶನ ಕ್ಯಾಲ್ಟೆಕ್‌ನ ವಿದ್ಯಾರ್ಥಿ ಡೊನಾಲ್ಡ್ ಕ್ನೂತ್ ಅವರನ್ನು ಕೇಳಿದ್ದು, ಪ್ರೋಗ್ರಾಮುಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರುಗಳ ಬಗ್ಗೆ ಒಂದೇ ಒಂದು ಪುಸ್ತಕ. ಬರೆಯಲು ಕೂತ ಕ್ನೂತ್ ಏಳಲಿಲ್ಲ. 1965ರ ಹೊತ್ತಿಗೆ ಕೈಬರಹದ ಹಾಳೆಗಳು ಸುಮಾರು 3,000 ಆಗಿದ್ದವು. ಒಂದು ಪುಸ್ತಕ ಏಳು ಸಂಪುಟಗಳ ಯೋಜನೆಯಾಗಿ ಬೆಳೆಯಿತು. 1973ಕ್ಕೆ ಮೂರು ಸಂಪುಟ ಹೊರಬಂದವು. ನಾಲ್ಕನೆಯದಕ್ಕೆ ಓದುಗರು ಕಾದೇ ಕಾದರು.

ಮೊದಲ ಅಡ್ಡಿ 1977ರಲ್ಲಿ ಬಂತು. ಎರಡನೇ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಸೇರಿತು. ಸೀಸದ ಅಚ್ಚುಮೊಳೆಗಳು ಹೋಗಿ ಫೋಟೊ ಅಕ್ಷರಜೋಡಣೆ ಬಂದಿದ್ದ ಕಾಲ. ಪುಟಗಳು ಕಣ್ಣಿಗೆ ಹಿಂಸೆಯಾಗುವಂತಿದ್ದವು. ಕ್ನೂತ್ ಪುಸ್ತಕವನ್ನು ಬದಿಗಿಟ್ಟು, ಚೆಂದದ ಪುಟ ಕಟ್ಟುವ 'ಟೆಕ್' ತಂತ್ರಾಂಶಕ್ಕೆ ಕೈಹಾಕಿದರು. ಒಂದು ವರ್ಷದ ಕೆಲಸವೆಂದುಕೊಂಡದ್ದು ಹತ್ತು ವರ್ಷ ಮೀರಿತು.

ಎರಡನೆಯ ಅಡ್ಡಿ ಸದ್ದಿಲ್ಲದೆ ಮನೆಹೊಕ್ಕಿತ್ತು. 1975ರ ಸುಮಾರಿಗೆ, ಜಗತ್ತಿನಲ್ಲಿ ಹೆಚ್ಚಿನವರು ಇಮೇಲ್ ಕಂಡಿರದಿದ್ದಾಗ, ಸ್ಟ್ಯಾನ್‌ಫರ್ಡ್‌ನಲ್ಲಿ ಕ್ನೂತ್ ಅದನ್ನು ಬಳಸತೊಡಗಿದ್ದರು. ಬಂದ ಪತ್ರಕ್ಕೆ ಉತ್ತರಿಸಿದರೆ ಉತ್ತರಕ್ಕೊಂದು ಪತ್ರ ಬರುತ್ತಿತ್ತು. ದಿನಗಳು ಚೂರುಚೂರಾದವು.

1990ರ ಜನವರಿ 1. ಕಂಪ್ಯೂಟರ್ ವಿಜ್ಞಾನದ ಹಿರಿಯ ತಲೆ ಇಮೇಲ್ ವಿಳಾಸವನ್ನೇ ತೊರೆಯಿತು. ಒಂದು ಜನ್ಮಕ್ಕೆ ಹದಿನೈದು ವರ್ಷದ ಇಮೇಲ್ ಸಾಕೆಂಬುದು ಅವರ ಲೆಕ್ಕ.

ಆದರೆ ಬಾಗಿಲು ಪೂರ್ತಿ ಮುಚ್ಚುವಂತಿರಲಿಲ್ಲ. ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಕ್ನೂತ್ 2.56 ಡಾಲರಿನ ಚೆಕ್ ಕೊಡುತ್ತಿದ್ದರು. ಹತ್ತರ ಬದಲು ಹದಿನಾರನ್ನು ಆಧಾರವಾಗಿಟ್ಟು ಎಣಿಸಿದರೆ 256 ಸೆಂಟನ್ನು ಬರೆಯುವುದು ಸರಿಯಾಗಿ 100 ಎಂದು. ಅಷ್ಟು ಅಕ್ಕರೆಯಿಂದ ಬರಮಾಡಿಕೊಂಡ ತಿದ್ದುಪಡಿಗಳನ್ನು ಓದದೆ ಬಿಡುವುದು ಹೇಗೆ?

ದಾರಿ ಅವರ ಯೌವನದ ಯಂತ್ರಗಳಲ್ಲೇ ಇತ್ತು. ಆ ಕಾಲದ ಕಂಪ್ಯೂಟರುಗಳಿಗೆ ಕೆಲಸಗಳನ್ನು ಬಿಡಿಬಿಡಿಯಾಗಿ ಕೊಡದೆ, ರಂಧ್ರ ಕೊರೆದ ಕಾರ್ಡುಗಳ ಕಂತೆಮಾಡಿ ಒಟ್ಟಿಗೇ ಉಣಿಸುತ್ತಿದ್ದರು. ಅದೇ ಬ್ಯಾಚ್ ಪದ್ಧತಿ. ಕ್ನೂತ್ ತಮ್ಮ ಟಪಾಲಿಗೂ ಅದನ್ನೇ ಹೂಡಿದರು. ಪುಸ್ತಕದ ತಿದ್ದುಪಡಿಗೆಂದೇ ಇದ್ದ ಇಮೇಲ್ ವಿಳಾಸಕ್ಕೆ ಬಂದ ಸಂದೇಶಗಳನ್ನು ಕಾರ್ಯದರ್ಶಿ ಮುದ್ರಿಸಿ ಒಟ್ಟುತ್ತಿದ್ದರು. ಮೂರು ತಿಂಗಳಿಗೊಂದು ದಿನ ಕ್ನೂತ್ ಆ ರಾಶಿಯ ಮುಂದೆ ಕೂತು, ಹಾಳೆಗಳ ಮೇಲೆಯೇ ಉತ್ತರ ಗೀಚಿ ಅಂಚೆಗೆ ಹಾಕಿಸುತ್ತಿದ್ದರು.

ಗುಟ್ಟು ಇಷ್ಟೇ. ಪ್ರತಿ ಕೆಲಸಕ್ಕೂ ಮುನ್ನ ಯಂತ್ರವನ್ನು ಅಣಿಮಾಡಬೇಕಿತ್ತು. ಕಂತೆ ಮಾಡಿದಾಗ ಆ ಖರ್ಚು ಒಮ್ಮೆಗೇ ಮುಗಿಯುತ್ತಿತ್ತು. ತಲೆಯದೂ ಅದೇ ಕತೆ. ಒಂದು ಗಣಿತ ಸಾಧನೆಯ ಎಳೆಗಳನ್ನೆಲ್ಲ ಮನಸ್ಸಿಗೆ ತಂದುಕೊಳ್ಳಲು ಗಂಟೆಗಳು ಬೇಕು, ಚದುರಿಸಲು ಒಂದು ಪತ್ರ ಸಾಕು.

2011ರಲ್ಲಿ ನಾಲ್ಕನೇ ಸಂಪುಟದ ಮೊದಲ ಭಾಗ ಅಚ್ಚಾಯಿತು. ಮೂರನೆಯದು ಬಂದು 38 ವರ್ಷ ಕಳೆದಿತ್ತು. ಅದರ ಪುಟಗಳನ್ನು ಕಟ್ಟಿದ್ದು ಟೆಕ್.